ಕೈಗೆ ಹತ್ತಿದ ಬಟ್ಟೆ ಬಣ್ಣಕ್ಕೆ ಗ್ಯಾರೇಜಿನವರ ಹ್ಯಾಂಡ್ ಕ್ಲೀನರ್ ಪೇಸ್ಟ್

ಮೊದಲೇ ಹೇಳಿಬಿಡುತ್ತೇನೆ, ಇದು ಬಟ್ಟೆಗೆ ಬಣ್ಣ ಹಾಕುವವರಿಗೆ ಅಂತ ಮಾಡಿದ ವಸ್ತು ಅಲ್ಲ. ಗ್ಯಾರೇಜಿನವರು ಗ್ರೀಸ್ ಆದ ಕೈ ತೊಳೆಯಲು ಬಳಸುವ ಹ್ಯಾಂಡ್ ಕ್ಲೀನರ್ ಪೇಸ್ಟ್. ಆದರೂ ಟೈ ಅಂಡ್ ಡೈ, ಬಾಟಿಕ್ ಅಂತ ಮನೆಯಲ್ಲಿ ಬಣ್ಣದ ಕೆಲಸ ಮಾಡುವವರು ಒಂದು ಡಬ್ಬ ತಂದು ಸಿಂಕ್ ಪಕ್ಕ ಇಟ್ಟುಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಎಲ್ಲರೂ ಹೇಳುವ ನಿಂಬೆಹಣ್ಣು, ಟೂತ್‌ಪೇಸ್ಟ್, ಸೀಮೆಎಣ್ಣೆಗಳಿಗಿಂತ ಇದು ಎಷ್ಟೋ ಮೇಲು.

ಚಿಕ್ಕಮಗಳೂರಿನಲ್ಲಿ ನಾವು ಅಕ್ಕಪಕ್ಕದ ಮನೆಯ ಹೆಂಗಸರು ಸೇರಿ ಕಾಟನ್ ದುಪಟ್ಟಾ, ಸ್ಟೋಲ್‌ಗಳಿಗೆ ಬಣ್ಣ ಹಾಕುತ್ತೇವೆ. ಕುದಿಸುವ ಗೋಜಿಲ್ಲದ ರಿಯಾಕ್ಟಿವ್ ಬಣ್ಣ, ಜೊತೆಗೆ ವಾಷಿಂಗ್ ಸೋಡಾ. ಈ ಸಲ ಆನ್‌ಲೈನಲ್ಲಿ ತರಿಸಿದ ಒಂದು ಕಿಟ್‌ನಲ್ಲಿ ಬಂದ ಗ್ಲೌಸ್ ಎಷ್ಟು ತೆಳು ಅಂದರೆ, ಬೇಕರಿಯಲ್ಲಿ ಸ್ವೀಟ್ ಎತ್ತಿಕೊಡುವಾಗ ಹಾಕುತ್ತಾರಲ್ಲ, ಆ ಪ್ಲಾಸ್ಟಿಕ್ ಕವರ್ ಥರ. ದಾರ ಬಿಗಿದು ಗಂಟು ಹಾಕುವಾಗಲೇ ಬೆರಳ ಸಂದಿಯಲ್ಲಿ ಅಂಟು ಬಿಟ್ಟಿತು. ಒಳಗೆ ಇಳಿದ ನೀಲಿ ಬಣ್ಣ ಬೆವರಿನ ಜೊತೆ ಸೇರಿ ಅಲ್ಲೇ ಕೂತಿತು. ಗ್ಲೌಸ್ ತೆಗೆದು ನೋಡಿದರೆ ಎರಡು ಬೆರಳು ಪೂರ್ತಿ ನೀಲಿ, ಉಗುರಿನ ಸುತ್ತ ಕಡುನೀಲಿ ಗೆರೆ, ಮಣಿಕಟ್ಟಿನ ಹತ್ತಿರ ಬಳೆ ಹಾಕಿದ ಹಾಗೆ ಒಂದು ಪಟ್ಟಿ. ದುಡ್ಡು ತಗೊಂಡು ಕಿಟ್ ಮಾರುವವರು ಇಂಥ ಗ್ಲೌಸ್ ಕೊಡಬಾರದು.

ಐ.ಜಿ. ರಸ್ತೆಯ ಕಡೆ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಎಸ್ಟೇಟ್ ಜೀಪಿನವರು, ಪಿಕಪ್ ಓಡಿಸುವವರು, ಕಳೆ ಹೊಡೆಯುವ ಮಷೀನ್ ಬಿಚ್ಚಿ ಕೂಡಿಸುವವರು ಎಲ್ಲರೂ ಬರುವ ಅಂಗಡಿ. ಅಂಗಡಿಯವರು ನನ್ನ ಕೈ ನೋಡಿ, “ಅಕ್ಕ, ಇದು ಗ್ರೀಸ್ ಅಲ್ವಲ್ಲ, ಪೇಂಟಾ?” ಅಂತ ಕೇಳಿದರು. ಬಟ್ಟೆಗೆ ಹಾಕೋ ಬಣ್ಣ ಅಣ್ಣ ಅಂದೆ. “ಹಂಗಾದ್ರೆ ರವೆ ಇರೋ ಪೇಸ್ಟೇ ತಗೊಳ್ಳಿ, ಲಿಕ್ವಿಡ್ ಬೇಡ, ಅದು ಜಿಡ್ಡಿಗೆ ಅಷ್ಟೇ” ಅಂತ ಹೇಳಿ, ಮುಚ್ಚಳ ತೆಗೆದು ಬೆರಳಲ್ಲಿ ಸ್ವಲ್ಪ ತೆಗೆದು ತೋರಿಸಿದರು. ಅರ್ಧ ಕೆಜಿ ಡಬ್ಬಕ್ಕೆ 180 ರೂಪಾಯಿ ಕೊಟ್ಟೆ. ಸುಮ್ನೆ ಮಾರಿ ಕಳಿಸದೆ ಯಾವ ಕಲೆಗೆ ಯಾವುದು ಅಂತ ಕೇಳಿ ಕೊಟ್ಟರಲ್ಲ, ಅದಕ್ಕೇ ನನಗೆ ಆ ಅಂಗಡಿ ಇಷ್ಟವಾಯಿತು.

ಅವರು ಹೇಳಿದ ರವೆಯ, ಅಂದರೆ ಪೇಸ್ಟಿನಲ್ಲಿ ಕೈಗೆ ತರಿತರಿಯಾಗಿ ಸಿಗುವ ಪುಡಿಯ ಮಾತೇ ಇಲ್ಲಿ ಮುಖ್ಯ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಿಯಾಕ್ಟಿವ್ ಬಣ್ಣಗಳು ಮಾರುಕಟ್ಟೆಗೆ ಬಂದಿದ್ದು 1956ರಲ್ಲಿ, ಇಂಗ್ಲೆಂಡಿನ ಐಸಿಐ ಕಂಪನಿಯಿಂದ, ಪ್ರೋಸಿಯಾನ್ ಅನ್ನುವ ಹೆಸರಿನಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಬಣ್ಣಗಳು ಹತ್ತಿ ನೂಲಿನಲ್ಲಿ ಹೋಗಿ ಕೂರುತ್ತಿದ್ದವು ಅಷ್ಟೇ, ಒಗೆದಷ್ಟೂ ಸ್ವಲ್ಪ ಸ್ವಲ್ಪ ಬಿಡುತ್ತಿದ್ದವು. ಇದು ಹಾಗಲ್ಲ. ವಾಷಿಂಗ್ ಸೋಡಾದ ಕ್ಷಾರ ಸಿಕ್ಕಿದ ಕೂಡಲೇ ನೂಲಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಅದಕ್ಕೇ ದುಪಟ್ಟಾ ಎಷ್ಟು ಒಗೆದರೂ ಬಣ್ಣ ಬಿಡುವುದಿಲ್ಲ. ಕಷ್ಟ ಏನಂದರೆ, ಇದು ಹತ್ತಿಯನ್ನು ಮಾತ್ರ ಹಿಡಿಯುವುದಿಲ್ಲ. ರೇಷ್ಮೆ, ಉಣ್ಣೆಯನ್ನೂ ಹಿಡಿಯುತ್ತದೆ. ಉಣ್ಣೆಯಲ್ಲಿರುವ ಕೆರಟಿನ್ ಅನ್ನುವ ಪ್ರೋಟೀನ್ ನಮ್ಮ ಚರ್ಮದ ಮೇಲ್ಪದರದಲ್ಲೂ ಇದೆ, ಉಗುರಿನಲ್ಲೂ ಇದೆ. ಹಾಗಾಗಿ ಸೋಪಿಗೆ ಹೋಗದೆ ಉಳಿದ ಬಣ್ಣ ಚರ್ಮದ ಮೇಲೆ ಅಂಟಿಕೊಂಡ ಕೊಳೆ ಅಲ್ಲ, ಚರ್ಮದ್ದೇ ಭಾಗ ಆಗಿಬಿಟ್ಟಿರುತ್ತದೆ.

ಗೋರಂಟಿ ಹಚ್ಚಿಕೊಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅದರ ಬಣ್ಣವೂ ಕೆರಟಿನ್ ಜೊತೆಯೇ ಬೆಸೆದುಕೊಳ್ಳುವುದು. ಸೋಪು ಹಾಕಿದರೆ ಗೋರಂಟಿ ಹೋಗುತ್ತದೆಯೇ? ಇಲ್ಲ. ಒಂದೆರಡು ವಾರದಲ್ಲಿ ತಾನಾಗಿ ಮಾಸುತ್ತದೆ, ಯಾಕಂದರೆ ಆ ಸತ್ತ ಪದರ ಉದುರಿ ಕೆಳಗಿನಿಂದ ಹೊಸದು ಬರುತ್ತದೆ. ಬಟ್ಟೆ ಬಣ್ಣದ್ದೂ ಅದೇ ಕಥೆ. ಬಣ್ಣ ಕರಗುವುದಿಲ್ಲ, ಬಣ್ಣ ಹಿಡಿದ ಚರ್ಮ ಉದುರಬೇಕು. ಪೇಸ್ಟಿನಲ್ಲಿರುವ ರವೆ ಅದನ್ನೇ ಸ್ವಲ್ಪ ಬೇಗ ಮಾಡಿಸುತ್ತದೆ.

ಬಳಸುವ ಕ್ರಮ ಸರಿ ಇರಬೇಕು, ಇಲ್ಲದಿದ್ದರೆ ದುಡ್ಡು ದಂಡ. ಬಣ್ಣ ತಾಗಿದ ಕೂಡಲೇ ಮೊದಲು ತಣ್ಣೀರು, ಮಾಮೂಲಿ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಇನ್ನೂ ಹಿಡಿದುಕೊಳ್ಳದ ಬಣ್ಣ ಅಲ್ಲೇ ಹೋಗುತ್ತದೆ. ಆಮೇಲೆ ಕೈ ಪೂರ್ತಿ ಒರೆಸಿ ಒಣಗಿಸಿ. ಪೇಸ್ಟ್ ಹಚ್ಚಬೇಕಾದ್ದು ಒಣ ಕೈಗೆ. ಒದ್ದೆ ಕೈಗೆ ಹಚ್ಚಿದರೆ ಬರೀ ನೊರೆ ಬಂದು ಜಾರುತ್ತದೆ, ರವೆಗೆ ಹಿಡಿತವೇ ಸಿಗುವುದಿಲ್ಲ. ಅಡಿಕೆ ಗಾತ್ರದಷ್ಟು ತೆಗೆದುಕೊಂಡು ಬೆರಳ ಗಿಣ್ಣು, ಉಗುರಿನ ಪಕ್ಕ, ಅಂಗೈ ಗೆರೆಗಳಲ್ಲಿ ನಿಧಾನವಾಗಿ ತಿಕ್ಕಿ. ಕಿತ್ತಳೆ ಸಿಪ್ಪೆಯ ವಾಸನೆ ಬರುತ್ತದೆ, ತಲೆನೋವು ಬರಿಸುವಂಥದ್ದೇನಲ್ಲ. ತಿಕ್ಕುತ್ತಾ ಹೋದ ಹಾಗೆ ಕಿತ್ತಳೆ ಬಣ್ಣದ ಪೇಸ್ಟ್ ಮೊದಲು ಬೂದಿಯಾಗಿ, ಆಮೇಲೆ ಮಾಸಲು ಹಸಿರಾಗುತ್ತದೆ. ಆಗ ಸ್ವಲ್ಪವೇ ನೀರು ಮುಟ್ಟಿಸಿ, ಇನ್ನೊಮ್ಮೆ ತಿಕ್ಕಿ ತೊಳೆಯಿರಿ. ಬೆರಳ ಮೇಲಿನ ನೀಲಿ ಮೊದಲ ಸಲಕ್ಕೇ ಆಕಾಶದ ಬಣ್ಣಕ್ಕೆ ಇಳಿದಿತ್ತು. ಮಣಿಕಟ್ಟಿನ ಪಟ್ಟಿ ಹೆಚ್ಚುಕಡಿಮೆ ಹೋಯಿತು. ಪೂರ್ತಿ ಹೋಗಲಿ ಅಂತ ಅಲ್ಲೇ ಮತ್ತೆ ಮತ್ತೆ ತಿಕ್ಕಬೇಡಿ, ಚರ್ಮ ಕೆಂಪಾಗಿ ಉರಿಯುತ್ತದೆ. ಕೊಬ್ಬರಿ ಎಣ್ಣೆ ಸವರಿ ಬಿಟ್ಟುಬಿಡಿ, ಮಾರನೇ ದಿನ ಸ್ನಾನ ಆದ ಮೇಲೆ ಚರ್ಮ ಮೆತ್ತಗಿರುತ್ತದೆ, ಆಗ ಒರೆಸಿಕೊಂಡು ಇನ್ನೊಮ್ಮೆ ಮಾಡಿದರೆ ಉಳಿದಿದ್ದು ಸುಲಭವಾಗಿ ಬಿಡುತ್ತದೆ.

ಉಗುರಿಗೆ ಮಾತ್ರ ಇದು ಕೆಲಸ ಮಾಡುವುದಿಲ್ಲ. ಉಗುರು ಬೆಳೆಯುವುದೇ ತಿಂಗಳಿಗೆ ಸುಮಾರು 3 ಮಿ.ಮೀ., ಅಲ್ಲಿ ಹಿಡಿದ ಬಣ್ಣ ಬೆಳೆದು ಕತ್ತರಿಸಿಕೊಂಡೇ ಹೋಗಬೇಕು. ಬೇಕಾದರೆ ಉಗುರು ಉಜ್ಜುವ ಫೈಲ್‌ನಿಂದ ಮೇಲೆ ಮೇಲೆ ಹಗುರವಾಗಿ ಸವರಬಹುದು. ಕೆಲಸಕ್ಕೆ ಕೂರುವ ಮೊದಲೇ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿಕೊಂಡರೆ ಆ ತಾಪತ್ರಯವೇ ಇರುವುದಿಲ್ಲ, ಬಣ್ಣ ಪಾಲಿಶ್ ಮೇಲೆ ಕೂರುತ್ತದೆ, ಆಮೇಲೆ ಅದರ ಜೊತೆಗೇ ಹೋಗುತ್ತದೆ.

ಬೇರೆ ಉಪಾಯಗಳ ಬಗ್ಗೆಯೂ ಹೇಳಬೇಕು. ನಿಂಬೆರಸ ಸಕ್ಕರೆ ಸೇರಿಸಿ ತಿಕ್ಕಿದರೆ ಒಂದಿಷ್ಟು ಹೋಗುತ್ತದೆ, ಆದರೆ ಕೆಲಸ ಮಾಡುವುದು ನಿಂಬೆ ಅಲ್ಲ, ಸಕ್ಕರೆಯ ಹರಳು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಕಾಫಿ ಚರಟಕ್ಕೆ ಕೊಬ್ಬರಿ ಎಣ್ಣೆ ಕಲಸಿ ತಿಕ್ಕಿದರೂ ಅಷ್ಟೇ ಫಲ, ಕೈಗೂ ಹಿತ. ದುಡ್ಡು ಕೊಡಲು ಇಷ್ಟವಿಲ್ಲದವರು ಅದನ್ನೇ ಮಾಡಿ, ಪೇಸ್ಟಿನಷ್ಟು ಬೇಗ ಆಗುವುದಿಲ್ಲ ಅಷ್ಟೇ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ದಯವಿಟ್ಟು ಬೇಡ. ಅವು ಆಯಿಲ್ ಪೇಂಟ್, ಜಿಡ್ಡು ಕರಗಿಸುತ್ತವೆ. ಬೆಸೆದುಕೊಂಡ ಬಟ್ಟೆ ಬಣ್ಣವನ್ನು ಏನೂ ಮಾಡಲಾರವು, ಚರ್ಮದ ಎಣ್ಣೆ ಅಂಶ ಹೀರಿ ಬಿರುಕು ಬಿಡಿಸುತ್ತವೆ. ಸೋಡಾ ನೀರಲ್ಲಿ ಕೈ ಆಡಿಸಿ ಮೊದಲೇ ಒಣಗಿರುವ ಚರ್ಮ ಅದು, ಇನ್ನೂ ಯಾಕೆ ಹಿಂಸೆ?

ಬ್ಲೀಚ್ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ. ಬಿಳಿ ಬಟ್ಟೆಗೆ ಹಾಕುವ ಬ್ಲೀಚ್ ನೀರನ್ನು ಕೈಗೆ ಹಚ್ಚಿಕೊಂಡರೆ ಬಣ್ಣ ಹೋಗುತ್ತದೆ ಅಂತ ಹೇಳುವವರಿದ್ದಾರೆ. ಹೋಗುತ್ತದೆ, ಸುಳ್ಳಲ್ಲ. ಅದರಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಬಣ್ಣವನ್ನೇ ಒಡೆದುಹಾಕುತ್ತದೆ. ಆದರೆ ಅದು ಚರ್ಮವನ್ನೂ ಸುಡುತ್ತದೆ. ಅದರ ಮೇಲೆ ಯಾರಾದರೂ ನಿಂಬೆರಸವನ್ನೋ ವಿನೆಗರನ್ನೋ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಉಸಿರಿಗೇ ಅಪಾಯ. ಎರಡು ವಾರದಲ್ಲಿ ತಾನಾಗಿ ಹೋಗುವ ಕಲೆಗೆ ಇಷ್ಟು ದೊಡ್ಡ ಅಪಾಯ ಬೇಕಾ? ಮನೆಗೆ ಬರುವ ಎಲ್ಲರಿಗೂ ನಾನು ಇದನ್ನು ಹೇಳುತ್ತಲೇ ಇರುತ್ತೇನೆ.

ಅಡಿಕೆ ಚೊಗರಿನಿಂದ, ಅಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ನೀರಿನಿಂದ, ಬಣ್ಣ ಹಾಕುವವರಿಗೆ ಈ ಪೇಸ್ಟ್ ಅಷ್ಟೇನೂ ಬೇಕಾಗಿಲ್ಲ. ಚೊಗರಿನ ಒಗರು ಕಬ್ಬಿಣ ತಾಗಿದ ಕೂಡಲೇ ಕಪ್ಪಾಗುತ್ತದೆ, ಬಾಳೆಕಾಯಿ ಹೆಚ್ಚಿದ ಕೈ ಕಪ್ಪಾದಾಗ ಏನು ಮಾಡುತ್ತೇವೋ ಅದೇ ಇದಕ್ಕೂ ಸಾಕು, ಹುಣಸೆಹಣ್ಣಿನಿಂದ ತಿಕ್ಕುವುದು. ಹುಳಿ ಆ ಕಪ್ಪನ್ನು ಸಡಿಲ ಮಾಡುತ್ತದೆ. ಹುಳಿ ಅಲ್ಲಿ ನಿಜವಾಗಿಯೂ ಕೆಲಸ ಮಾಡುವುದನ್ನು ನೋಡಿಯೇ ಜನ ಎಲ್ಲ ಬಣ್ಣಕ್ಕೂ ನಿಂಬೆಹಣ್ಣು ಅನ್ನುತ್ತಾರೇನೋ ಅಂತ ನನಗೆ ಅನಿಸುತ್ತದೆ.

ಪೇಸ್ಟ್ ತಗೊಳ್ಳುವವರು ಕಂಪನಿ ಹೆಸರು ನೋಡುವ ಬದಲು ಹಿಂದಿನ ಚೀಟಿ ಓದಿ. ರವೆಗೆ ಏನು ಹಾಕಿದ್ದಾರೆ, ಪ್ಯೂಮಿಸ್ ಕಲ್ಲಿನ ಪುಡಿಯೋ ಅಕ್ರೋಟಿನ ಸಿಪ್ಪೆಯ ಪುಡಿಯೋ ಅಂತ ನೋಡಿ. ಗ್ಲಿಸರಿನ್ ಅಥವಾ ಲ್ಯಾನೊಲಿನ್ ಇದ್ದರೆ ಕೈ ಅಷ್ಟು ಒಣಗುವುದಿಲ್ಲ. ಮುಚ್ಚಳ ತೆಗೆದಾಗ ಸೀಮೆಎಣ್ಣೆ ವಾಸನೆ ಬಂದರೆ ವಾಪಸ್ ಇಟ್ಟುಬಿಡಿ. ಕೈಯಲ್ಲಿ ಗಾಯ, ಚಳಿಗೆ ಒಡೆದ ಬಿರುಕು, ಕಜ್ಜಿ ಇದ್ದರೆ ಹಚ್ಚಬೇಡಿ, ಮುಖಕ್ಕಂತೂ ಬೇಡವೇ ಬೇಡ. ಕಿತ್ತಳೆ ಎಣ್ಣೆ ಕೆಲವರಿಗೆ ಅಲರ್ಜಿ ಆಗುತ್ತದೆ, ಮೊದಲು ಮೊಣಕೈ ಹತ್ತಿರ ಚೂರು ಹಚ್ಚಿ ನೋಡಿ.

ಅದೇ ಅಂಗಡಿಯಲ್ಲಿ ನೈಟ್ರೈಲ್ ಗ್ಲೌಸ್ ಕೂಡ ಸಿಕ್ಕಿತು. ಸ್ವಲ್ಪ ದುಬಾರಿ, ಆದರೆ ಬೆರಳಿಗೆ ಬಿಗಿಯಾಗಿ ಕೂರುತ್ತದೆ, ಗಂಟು ಹಾಕಲು ಹಿಡಿತ ಸಿಗುತ್ತದೆ, ಹರಿಯುವುದಿಲ್ಲ. ಹಲಸಿನಹಣ್ಣು ಬಿಡಿಸುವ ಮೊದಲು ಮೇಣ ಅಂಟದಿರಲಿ ಅಂತ ಕೈಗೆ ಎಣ್ಣೆ ಸವರುತ್ತೇವಲ್ಲ, ಹಾಗೆ ಗ್ಲೌಸ್ ಹಾಕುವ ಮೊದಲು ಮಣಿಕಟ್ಟಿಗೆ ಎಣ್ಣೆ ಹಚ್ಚಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿದರೆ ಆ ನೀಲಿ ಪಟ್ಟಿ ಬೀಳುವುದಿಲ್ಲ. ಬಣ್ಣದ ಪುಡಿ ಕಲಸುವಾಗ ಮೂಗಿಗೆ ಮಾಸ್ಕ್ ಮರೆಯಬೇಡಿ. ಆ ಪುಡಿ ಉಸಿರಲ್ಲಿ ಹೋಗುತ್ತಿದ್ದರೆ ಕೆಲವರಿಗೆ ಅಸ್ತಮಾ ಥರದ ಅಲರ್ಜಿ ಶುರುವಾಗುತ್ತದೆ, ಕೈಕಲೆಗಿಂತ ಅದು ಎಷ್ಟೋ ಗಂಭೀರ.

ಮಕ್ಕಳನ್ನು ಕೂರಿಸಿಕೊಂಡು ಬಣ್ಣ ಹಾಕಿಸುವವರು ಈ ಪೇಸ್ಟನ್ನು ಅವರ ಕೈಗೆ ಹಚ್ಚಬೇಡಿ, ಅವರ ಚರ್ಮ ತೆಳು. ಸೋಪಲ್ಲಿ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿ ಬಿಟ್ಟರೆ ಸಾಕು, ಆಟ, ಸ್ನಾನ, ಮಣ್ಣು ಅಂತ ಅವರ ಕೈ ನಮ್ಮದಕ್ಕಿಂತ ಬೇಗ ಬಣ್ಣ ಬಿಡುತ್ತದೆ. ಸ್ಕೂಲಲ್ಲಿ ಯಾರಾದರೂ ಕೇಳಿದರೆ ದುಪಟ್ಟಾಗೆ ಬಣ್ಣ ಹಾಕಿದ್ವಿ ಅಂತ ಹೇಳಲಿ.