ನಡುಮನೆ ಅಳೆದು ಕೊಳ್ಳಿ: ಕಿನೆಕ್ಟ್, ವೀ ರಿಮೋಟ್, ಮೂವ್

ಎಕ್ಸ್‌ಬಾಕ್ಸ್ 360, ನಿಂಟೆಂಡೊ ವೀ, ಪ್ಲೇಸ್ಟೇಷನ್ 3 ಮೂರೂ ಟಿವಿಗೆ ಸಿಕ್ಕಿಸಿ ಆಡುವ ಕನ್ಸೋಲ್‌ಗಳು, ಈಗ ಸೆಕೆಂಡ್ ಹ್ಯಾಂಡ್ ಸಾಮಾನು. ಕಿನೆಕ್ಟ್ ಎಂದರೆ ಮೈಯಾಟ ನೋಡುವ 360ರ ಕ್ಯಾಮೆರಾ; ವೀ ರಿಮೋಟ್ ಮತ್ತು ಪ್ಲೇಸ್ಟೇಷನ್ 3ರ ಮೂವ್ ಕೈಯಲ್ಲಿ ಹಿಡಿದು ಬೀಸುವಂಥವು. ಕೈಕಾಲು ಆಡಿಸುವ ಆಟಕ್ಕೆಂದೇ ಒಂದನ್ನು ತರುವವರು ಕನ್ಸೋಲ್ ನೋಡುವ ಮೊದಲು ಟೇಪು ಹಿಡಿದು ನಡುಮನೆ ಅಳೆಯುವುದು ಒಳ್ಳೆಯದು.

ಕಿನೆಕ್ಟ್‌ಗೆ ಒಬ್ಬರಾದರೆ 6 ಅಡಿ, ಇಬ್ಬರಾದರೆ 8 ಅಡಿ ದೂರ ಬೇಕು. ಅದನ್ನು ನೆಲದಿಂದ 2ರಿಂದ 6 ಅಡಿ ಎತ್ತರದಲ್ಲಿ ಇಡಬೇಕು. ಶಿವಮೊಗ್ಗದ ಬಾಡಿಗೆ ಮನೆಯ ಹಾಲಿನಲ್ಲಿ ಸೋಫಾ ಸರಿಸದೆ ಇದು ಆಗುವ ಮಾತಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯ ಹಂಚಿನ ಮನೆಗಳಲ್ಲಿ ಜಾಗಕ್ಕೆ ಬರವಿಲ್ಲ, ತಕರಾರೆಲ್ಲ ಬೆಳಕಿನದು. ಕಿನೆಕ್ಟ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕಿಗಳನ್ನು ಕೋಣೆಗೆಲ್ಲ ಎರಚುತ್ತದೆ; ಅವು ಎಷ್ಟು ಜರುಗಿವೆ ಎಂಬುದರಿಂದ ದೂರ ಲೆಕ್ಕ ಹಾಕುತ್ತದೆ. ಗಾಜಿನ ಹಂಚಿನಿಂದ ಇಳಿದ ಬಿಸಿಲುಕೋಲು ಆಡುವವರ ಭುಜದ ಮೇಲೆ ಬಿತ್ತೆಂದರೆ ಚುಕ್ಕಿಗಳು ಅಲ್ಲೇ ಮುಳುಗಿ, ಪರದೆಯ ಗೊಂಬೆಯ ಕೈ ಸೊಟ್ಟಗೆ ತಿರುಗುತ್ತದೆ. ಮೋಡ ಕವಿದ ಆಷಾಢದ ಮಧ್ಯಾಹ್ನ ಇದಕ್ಕೆ ಹೇಳಿ ಮಾಡಿಸಿದ ಹೊತ್ತು, ಕರೆಂಟ್ ಇದ್ದರೆ. ಪಂಚೆ, ಸೀರೆಯಂಥ ಸಡಿಲ ಉಡುಪಿನಲ್ಲಿ ಮೊಣಕಾಲು ಎಲ್ಲಿದೆಯೆಂದು ಅದಕ್ಕೆ ಹೊಳೆಯುವುದಿಲ್ಲ. ಎತ್ತಿ ಕಟ್ಟಿದರೆ ಸರಿಹೋದೀತು.

ಕೊಳ್ಳುವಾಗ ವೈರು ನೋಡಿ. ಸ್ಲಿಮ್ 360ಗೆ ಕಿನೆಕ್ಟ್ ನೇರ ಸಿಕ್ಕಿಸಬಹುದು. ದಪ್ಪನೆಯ ಹಳೇ ಮಾಡೆಲ್‌ಗೆ ಬೇರೆ ಪವರ್ ಅಡಾಪ್ಟರ್ ಬೇಕು, ಅದಿಲ್ಲದಿದ್ದರೆ ಕಿನೆಕ್ಟ್ ಬರೀ ಶೋಕೇಸಿನ ಬೊಂಬೆ.

ವೀ ರಿಮೋಟಿಗೆ ಇಷ್ಟು ಮರ್ಜಿಯಿಲ್ಲ. ಟಿವಿ ಬಳಿ ಇಡುವ ಸೆನ್ಸರ್ ಬಾರ್‌ನಲ್ಲಿ ಹೆಸರಿಗೂ ಸೆನ್ಸರ್ ಇಲ್ಲ, ಎರಡು ತುದಿಯಲ್ಲಿ ಇನ್‌ಫ್ರಾರೆಡ್ ದೀಪಗಳಷ್ಟೇ. ನೋಡುವ ಕ್ಯಾಮೆರಾ ರಿಮೋಟಿನ ಮೂತಿಯಲ್ಲಿದೆ. ಟಿವಿ ಪಕ್ಕದಲ್ಲೇ ದೇವರ ದೀಪ ಉರಿಯುತ್ತಿದ್ದರೆ ಪರದೆಯ ಮೇಲಿನ ಬಾಣ ಅತ್ತ ಹಾರುವುದು ಇದೇ ಕಾರಣಕ್ಕೆ. ಬಾರ್ ಕೆಟ್ಟಿದೆಯೋ ಎಂದು ನೋಡಲು ವೀ ಆನ್ ಮಾಡಿ ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡಿಯಿರಿ. ನೇರಳೆ ಚುಕ್ಕಿ ಕಂಡರೆ ಬಾರ್ ಸರಿಯಿದೆ. ಅಮೆರಿಕದಿಂದ ಬಂದ ವೀ ಆದರೆ ಅಡಾಪ್ಟರ್ 120 ವೋಲ್ಟಿನದು. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಸುಡುವುದೇ. ಮಣಿಕಟ್ಟಿನ ದಾರ ಕಟ್ಟಿಕೊಳ್ಳದೆ ಆಡಬೇಡಿ: ಬೀಸಿದ ರಿಮೋಟ್ ಕೈಜಾರುವ ದೂರು ಹೆಚ್ಚಾಗಿ, 2006ರ ಡಿಸೆಂಬರಿನಲ್ಲಿ ನಿಂಟೆಂಡೊ 32 ಲಕ್ಷ ದಾರ ಬದಲಿಸಿಕೊಡಬೇಕಾಯಿತು.

ಮೂವ್ ಮೂರರಲ್ಲಿ ನಿಖರ. ತುದಿಯ ಬಣ್ಣದ ಚೆಂಡು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಿಂದ ಟಿವಿ ಬಳಿ ಇಟ್ಟ ಕ್ಯಾಮೆರಾ ದೂರ ಅಳೆಯುತ್ತದೆ. ಆದರೆ ಕ್ಯಾಮೆರಾ ಬೇರೆ ಕೊಳ್ಳಬೇಕು, ಒಳಗಿನ ಬ್ಯಾಟರಿ ವರ್ಷಗಟ್ಟಲೆ ಬಿದ್ದಿದ್ದರೆ ಸತ್ತಿರುತ್ತದೆ.

ಇಷ್ಟು ನಿಖರವಾದದ್ದು ಸೋತಿದ್ದೇಕೆ? ವೀ 2006ರಲ್ಲಿ ರಿಮೋಟನ್ನು ಡಬ್ಬದೊಳಗೇ ಇಟ್ಟು ಕೊಟ್ಟಿತು, 10 ಕೋಟಿಗೂ ಮೇಲೆ ಮಾರಾಟವಾಯಿತು. ವೀ ಇದ್ದವನ ಹತ್ತಿರ ರಿಮೋಟ್ ಇದ್ದೇ ಇರುತ್ತದೆಂದು ಆಟ ಮಾಡುವವರಿಗೆ ಧೈರ್ಯ. ಮೂವ್, ಕಿನೆಕ್ಟ್ 2010ರಲ್ಲಿ ಬಂದಿದ್ದು ಮೇಲಿನ ಖರ್ಚಾಗಿ. ಕಿನೆಕ್ಟ್ 60 ದಿನದಲ್ಲಿ 80 ಲಕ್ಷ ಮಾರಾಟವಾದರೂ ದೊಡ್ಡ ಆಟಗಳು ಗುಂಡಿ ಒತ್ತುವ ಪ್ಯಾಡನ್ನೇ ನಂಬಿಕೊಂಡವು. ಪಾಠ ಕಲಿತ ಮೈಕ್ರೋಸಾಫ್ಟ್ 2013ರ ಎಕ್ಸ್‌ಬಾಕ್ಸ್ ಒನ್‌ಗೆ ಕಿನೆಕ್ಟ್ ಕಟ್ಟಿಯೇ ಮಾರಿತು. ಬೆಲೆ 499 ಡಾಲರ್, ಎದುರಿನ ಸೋನಿಯ ಪ್ಲೇಸ್ಟೇಷನ್ 4ರದು 399. ಮರುವರ್ಷ ಜೂನ್‌ನಲ್ಲಿ ಕಿನೆಕ್ಟ್ ಕಳಚಿ 399ಕ್ಕೆ ಇಳಿಸುವ ಹೊತ್ತಿಗೆ ಸೋನಿ ಮುಂದೆ ಹೋಗಿತ್ತು. ಡಬ್ಬದಲ್ಲಿಡುವುದು ಸರಿ, ಅದರ ಭಾರ ಬೆಲೆಯ ಮೇಲೆ ಬೀಳಬಾರದಿತ್ತು.

ಮಲೆನಾಡಿಗೆ ನಮ್ಮ ಓಟು ವೀಗೆ. 8 ಅಡಿ ಜಾಗ, ಗಾಜಿನ ಹಂಚಿಗೆ ಮುಚ್ಚಿಗೆ ಇದ್ದರೆ ಕಿನೆಕ್ಟ್. ವೀ ತಂದವರು ಮಳೆ ಹಿಡಿಯುವ ಮೊದಲೇ ರಿಮೋಟಿನ ಎರಡೂ ಶೆಲ್ ತೆಗೆದಿಡಿ. ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಹಿಟ್ಟು ಕೂತಿದ್ದರೆ ಹತ್ತಿಗೆ ಎರಡು ಹನಿ ನಿಂಬೆರಸ ಹಚ್ಚಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಒಂದು ದಿನ ಒಣಗಲು ಬಿಟ್ಟು ಹೊಸ ಶೆಲ್ ಹಾಕಿ.