ಮಕ್ಕಳೇ ಬಣ್ಣ ತುಂಬುವ ಟೀ ಶರ್ಟ್: ಮಾರ್ಕರ್, ಕೋನ್, ಸ್ಕ್ರೀನ್ ಪ್ರಿಂಟ್, ಯಾವುದು ಗಟ್ಟಿ?

ಬಿಳಿ ಟೀ ಶರ್ಟ್ ಮೇಲೆ ಬಣ್ಣದ ಪುಸ್ತಕದಲ್ಲಿರುವಂತೆ ಬರೀ ಕಪ್ಪು ಗೆರೆಯ ಚಿತ್ರ. ಅದಕ್ಕೆ ಮಕ್ಕಳೇ ಬಣ್ಣ ತುಂಬಬೇಕು, ಆಮೇಲೆ ಅದನ್ನೇ ಹಾಕಿಕೊಂಡು ಓಡಾಡಬೇಕು. ಇಂಥ ಕಿಟ್‌ಗಳು ಅಂಗಡಿಯಲ್ಲೂ ಸಿಗುತ್ತವೆ. ಆದರೆ ಅವುಗಳ ಮೇಲೆ ಇರುವುದು ಯೂನಿಕಾರ್ನ್, ಡೈನೋಸಾರ್, ರಾಕೆಟ್. ದಸರಾ ರಜೆಗೆ ಮೈಸೂರಿನ ನಮ್ಮ ಮನೆಗೆ ಬರುವ ಅಣ್ಣನ ಮಕ್ಕಳಿಗೆ, ಅಕ್ಕನ ಮಕ್ಕಳಿಗೆ ಬೇಕಿದ್ದದ್ದು ಅಂಬಾರಿ ಹೊತ್ತ ಆನೆ. ಹಾಗಾಗಿ ಮನೆಯಲ್ಲೇ ಮಾಡಲು ಶುರು ಮಾಡಿದೆ. ಒಂದೊಂದು ರಜೆಗೆ ಒಂದೊಂದು ವಿಧಾನ ಹಿಡಿದೆ. ಆ ಶರ್ಟ್‌ಗಳನ್ನು ಒಗೆದು ಒಗೆದು ನೋಡಿದ ಮೇಲೆ ಬರೆಯುತ್ತಿರುವ ಹೋಲಿಕೆ ಇದು.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಬಣ್ಣಕ್ಕೆ ದುಡ್ಡು ಸುರಿಯುತ್ತಾರೆ, ಗೆರೆಯನ್ನು ಮಾತ್ರ ಮೇಜಿನ ಮೇಲೆ ಸಿಕ್ಕ ಮಾರ್ಕರ್‌ನಲ್ಲಿ ಎಳೆಯುತ್ತಾರೆ. ಆಗಬೇಕಾದ್ದು ಉಲ್ಟಾ. ಗೆರೆ ಗಟ್ಟಿಯಾಗಿದ್ದರೆ ಬಣ್ಣ ಮಾಸಿದರೂ ಮತ್ತೆ ತುಂಬಬಹುದು. ಗೆರೆಯೇ ಹೋದರೆ ಶರ್ಟ್ ಮೇಲೆ ಉಳಿಯುವುದು ಕಲೆ, ಚಿತ್ರವಲ್ಲ.

ಮೊದಲು ಬಟ್ಟೆ

ಇಲ್ಲಿ ಹೋಲಿಸಲು ಜಾಸ್ತಿ ಏನಿಲ್ಲ. ನೂರಕ್ಕೆ ನೂರು ಕಾಟನ್ ಬೇಕು, ಅಷ್ಟೇ. ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ಬಣ್ಣ ನೂಲಿನೊಳಗೆ ಅಷ್ಟಾಗಿ ಇಳಿಯುವುದಿಲ್ಲ, ಮೇಲೆ ಕೂತು ಒಗೆತಕ್ಕೆ ಬೇಗ ಎದ್ದು ಹೋಗುತ್ತದೆ. ತಿರುಪ್ಪೂರಿನಿಂದ ಬರುವ ಪ್ಲೇನ್ ರೌಂಡ್ ನೆಕ್ ಶರ್ಟ್‌ಗಳು ಎಲ್ಲ ಊರಲ್ಲೂ ಸಿಗುತ್ತವೆ. 180 ಜಿಎಸ್ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) ದಪ್ಪದ್ದು ಕೇಳಿ ತೆಗೆದುಕೊಳ್ಳಿ. 140ರದ್ದು ಅಗ್ಗ, ಆದರೆ ಹಚ್ಚಿದ ಬಣ್ಣ ಬೆನ್ನಿನ ಕಡೆಗೂ ದಾಟುತ್ತದೆ. ಹೊಸ ಶರ್ಟನ್ನು ಒಮ್ಮೆ ಒಗೆದು ಒಣಗಿಸಲೇಬೇಕು. ಗಂಜಿ, ಫಿನಿಶಿಂಗ್‌ಗೆ ಹಾಕಿದ ಮೆದುಕಾರಕ ಎಲ್ಲ ಹೋದರೆ ಮಾತ್ರ ಬಣ್ಣ ಹಿಡಿಯುತ್ತದೆ. ಈ ಒಗೆತಕ್ಕೆ ಕಂಫರ್ಟ್ ಥರದ್ದು ಹಾಕಬೇಡಿ. ಅಳತೆ ಒಂದು ಸೈಜ್ ದೊಡ್ಡದೇ ಇರಲಿ. ಮಗು ತಾನೇ ಮಾಡಿದ ಶರ್ಟನ್ನು ಬಿಡುವುದಿಲ್ಲ, ಬೆಳೆಯುವುದನ್ನೂ ಬಿಡುವುದಿಲ್ಲ!

ಶರ್ಟಿನ ಒಳಗೆ ರಟ್ಟು ತೂರಿಸಬೇಕು. ಸೀರೆ ಡಬ್ಬದ ಮುಚ್ಚಳ ಮಕ್ಕಳ ಶರ್ಟಿಗೆ ಸರಿಯಾದ ಅಳತೆ. ಅದಕ್ಕೆ ಒಂದು ಪ್ಲಾಸ್ಟಿಕ್ ಕವರ್ ಸುತ್ತಿ, ಇಲ್ಲದಿದ್ದರೆ ಬಣ್ಣ ಒಣಗುವಾಗ ಬಟ್ಟೆ ರಟ್ಟಿಗೆ ಅಂಟುತ್ತದೆ. ಬಟ್ಟೆ ಒಣಗಿಸುವ ಕ್ಲಿಪ್‌ನಿಂದ ಅಂಚು ಹಿಡಿಸಿ. ತುಂಬ ಎಳೆದು ಬಿಗಿ ಮಾಡಬಾರದು. ಬನಿಯನ್ ಬಟ್ಟೆ ಹಿಗ್ಗಿದಾಗ ಎಳೆದ ಗೆರೆ, ಬಿಟ್ಟ ಮೇಲೆ ಕುಗ್ಗಿ ಆನೆ ಸೊರಗಿದಂತೆ ಕಾಣುತ್ತದೆ.

ಗೆರೆಗೆ ಏನು?

ಚಿತ್ರ ಮೂಡಿಸುವುದು ಸುಲಭ. ಬಿಳಿ ಶರ್ಟ್ ಆದರೆ ಹಾಳೆಯ ಮೇಲೆ ದಪ್ಪ ಕಪ್ಪು ಗೆರೆಯಲ್ಲಿ ಬರೆದು ರಟ್ಟಿನ ಮೇಲಿಟ್ಟರೆ ಬಟ್ಟೆಯ ಮೂಲಕ ಕಾಣುತ್ತದೆ. ಹಳದಿ, ತಿಳಿ ನೀಲಿ ಶರ್ಟಿಗೆ ಕಸೂತಿಯವರು ಬಳಸುವ ಕಾರ್ಬನ್ ಪೇಪರ್ ಸಾಕು. ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಇಸ್ತ್ರಿ ಬಿಸಿಗೆ ಮಾಯವಾಗುವ ಪೆನ್ ಬಂದಿದೆ. ಕರಡು ಬರೆಯಲು ಅದು ನನಗೆ ತುಂಬ ಹಿಡಿಸಿತು. ನಮ್ಮ ಅತ್ತೆ ಮಾತ್ರ ಬಟರ್ ಪೇಪರಿಗೆ ಸೂಜಿಯಿಂದ ತೂತು ಚುಚ್ಚಿ, ಸೀಮೆಎಣ್ಣೆಯಲ್ಲಿ ನೀಲಿ ಪುಡಿ ಕಲಸಿ ಒರೆಸುವ ಹಳೇ ವಿಧಾನವೇ ಚೆಂದ ಅನ್ನುತ್ತಾರೆ. ಚೆಂದವೇ, ಆದರೆ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ ಈಗ?

ಅಸಲು ಪೈಪೋಟಿ ಕರಡಿನ ಮೇಲೆ ಎಳೆಯುವ ಕಪ್ಪು ಗೆರೆಯದ್ದು.

ಪರ್ಮನೆಂಟ್ ಮಾರ್ಕರ್ ಎಲ್ಲರ ಮನೆಯಲ್ಲೂ ಇರುತ್ತದೆ. ಬೇಗ ಆಗುತ್ತದೆ, ಕೈ ನಡುಗಿದರೂ ಪರವಾಗಿಲ್ಲ. ತೊಂದರೆ ಎರಡು. ಅದರ ಶಾಯಿ ಸ್ಪಿರಿಟ್ಟಿನದು, ಬನಿಯನ್ ಬಟ್ಟೆಯಲ್ಲಿ ಹರಡುತ್ತದೆ. ತುದಿಯನ್ನು ಒಂದೆಡೆ ನಿಲ್ಲಿಸಿದರೆ ಚುಕ್ಕೆ ಹೋಗಿ ಮೊಟ್ಟೆಯಾಗುತ್ತದೆ. ಎರಡನೆಯದು, ಒಗೆದಂತೆಲ್ಲ ಕಪ್ಪು ಬಣ್ಣ ಬೂದಿಗೆ, ಕೆಲವೊಮ್ಮೆ ನೇರಳೆಗೆ ತಿರುಗುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಇದರ ಪಕ್ಕದಲ್ಲಿ ಮಕ್ಕಳು ಬಣ್ಣದ ಪರ್ಮನೆಂಟ್ ಮಾರ್ಕರ್ ಹಚ್ಚಿದರೆ ಸ್ಪಿರಿಟ್ಟಿಗೆ ಸ್ಪಿರಿಟ್ ಸೇರಿ ಕಪ್ಪು ಕರಗಿ ಒಳಗೆ ಬರುತ್ತದೆ, ಹಳದಿ ಕೊಳೆಯಾಗುತ್ತದೆ. ನೀರಿನ ಫ್ಯಾಬ್ರಿಕ್ ಬಣ್ಣ ಹಚ್ಚಿದರೆ ಈ ರಗಳೆ ಇಲ್ಲ.

ಕಪ್ಪು ಔಟ್‌ಲೈನರ್, ಅಂದರೆ ಕೋನ್ ಅಥವಾ ಮೂತಿಯ ಟ್ಯೂಬಿನಲ್ಲಿ ಬರುವ ಉಬ್ಬು ಬಣ್ಣ. ಮೆಹಂದಿ ಹಾಕಿ ಅಭ್ಯಾಸ ಇರುವ ಕೈಗೆ ಇದು ಸಲೀಸು. ಗೆರೆ ಬಟ್ಟೆಯ ಮೇಲೆ ಸ್ವಲ್ಪ ಎದ್ದು ನಿಲ್ಲುತ್ತದೆ. ಅದೇ ಇದರ ದೊಡ್ಡ ಗುಣ. ಯುಕೆಜಿ ಮಗು ಬ್ರಷ್ ಆಡಿಸುವಾಗ ಗೆರೆ ಒಂದು ಬದುವಿನಂತೆ ಬಣ್ಣವನ್ನು ತಡೆಯುತ್ತದೆ. ಮಕ್ಕಳಿಗೂ ಬೆರಳಲ್ಲಿ ಮುಟ್ಟಿ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುತ್ತದೆ. ಮಾರ್ಕರ್‌ಗಿಂತ ಎಷ್ಟೋ ಪಾಲು ಹೆಚ್ಚು ಒಗೆತ ತಡೆಯುತ್ತದೆ. ಆದರೆ ಒಣಗುವುದು ನಿಧಾನ. ಹಿಂದಿನ ದಿನವೇ ಬರೆದಿಡಬೇಕು. ದಸರಾ ಹೊತ್ತಿಗೆ ಮಳೆ ಹಿಡಿದುಕೊಂಡಿದ್ದರೆ ಇನ್ನೂ ತಡ. ದಪ್ಪ ಗೆರೆ ಎಳೆದರೆ ಮಡಚಿದಲ್ಲಿ ಬಿರುಕು ಬಿಡುತ್ತದೆ. ಸಣ್ಣ, ಒಂದೇ ಸಮನಾದ ಗೆರೆ ಎಳೆಯಿರಿ. ಬೇರೆ ಬಟ್ಟೆಯ ಚೂರಿನ ಮೇಲೆ ಮೊದಲು ಹಿಂಡಿ ನೋಡಿ, ಶುರುವಿನಲ್ಲಿ ಗುಳ್ಳೆ ಒಡೆದು ಪಚಕ್ ಅಂತ ಬರುತ್ತದೆ.

ಟ್ರಾನ್ಸ್‌ಫರ್ ಪೇಪರ್ ಮೇಲೆ ನನಗೆ ಬಹಳ ಆಸೆ ಇತ್ತು. ಮನೆಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಚಿತ್ರವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಪ್ರಿಂಟ್ ತೆಗೆದು, ಇಸ್ತ್ರಿ ಒತ್ತಿದರೆ ಆಯಿತು. ಗೆರೆ ಚೊಕ್ಕ. ಆದರೆ ಈ ಕೆಲಸಕ್ಕೆ ಇದು ಸಲ್ಲ. ಹಾಳೆಯಿಂದ ಇಳಿಯುವುದು ಬರೀ ಗೆರೆಯಲ್ಲ, ಇಡೀ ಚಿತ್ರದ ಅಗಲಕ್ಕೆ ತೆಳು ಪ್ಲಾಸ್ಟಿಕ್ ಪದರವೂ ಇಳಿಯುತ್ತದೆ. ಬಣ್ಣ ತುಂಬಬೇಕಾದ ಜಾಗವನ್ನೇ ಅದು ಮುಚ್ಚಿಬಿಡುತ್ತದೆ. ಮಾರ್ಕರ್ ಅದರ ಮೇಲೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ನಿಲ್ಲುತ್ತದೆ. ಬಣ್ಣ ತುಂಬುವ ಕೆಲಸ ಇಲ್ಲದ ಫೋಟೋಗೆ ಇರಲಿ ಇದು.

ಫೋಟೋ ಮಗ್ ಮಾಡಿಕೊಡುವ ಅಂಗಡಿಯವರು ನಾವೇ ಶರ್ಟ್ ಮೇಲೂ ಹಾಕಿಕೊಡುತ್ತೇವೆ ಅಂದರೆ, ಯಾವ ಬಟ್ಟೆ ಅಂತ ಕೇಳಿ. ಅವರದ್ದು ಸಬ್ಲಿಮೇಶನ್, ಅಂದರೆ ಬಿಸಿಗೆ ಶಾಯಿ ಆವಿಯಾಗಿ ಬಟ್ಟೆಗೆ ಇಳಿಯುವ ಪ್ರಿಂಟ್. ಅದು ಪಾಲಿಯೆಸ್ಟರ್ ಮೇಲೆ ಮಾತ್ರ ಕೂರುತ್ತದೆ. ಗೆರೆ ಒಪ್ಪುವ ಬಟ್ಟೆ ಮಕ್ಕಳ ಬಣ್ಣ ಒಪ್ಪುವುದಿಲ್ಲ, ಬಣ್ಣ ಒಪ್ಪುವ ಕಾಟನ್ ಅವರ ಗೆರೆ ಒಪ್ಪುವುದಿಲ್ಲ. ಅಲ್ಲಿಗೆ ಮಾತು ಮುಗಿಯಿತು.

ಡಿಟಿಎಫ್, ಅಂದರೆ ಅಂಗಡಿಯಲ್ಲಿ ಚಿತ್ರವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ರಿಂಟ್ ತೆಗೆದು ಬಿಸಿಯಿಂದ ಬಟ್ಟೆಗೆ ಒತ್ತುವುದು, ಬೇರೆ. ಅದರಲ್ಲಿ ಶಾಯಿ ಬಿದ್ದಲ್ಲಿ ಮಾತ್ರ ಅಂಟುವ ಪುಡಿ ಹಿಡಿಯುತ್ತದೆ, ಹಾಗಾಗಿ ಗೆರೆ ಮಾತ್ರ ಬಟ್ಟೆಗೆ ಬರುತ್ತದೆ, ನಡುವಿನ ಜಾಗ ಖಾಲಿ ಕಾಟನ್ ಆಗಿಯೇ ಉಳಿಯುತ್ತದೆ. ಒಂದೋ ಎರಡೋ ಶರ್ಟ್ ಆದರೂ ಮಾಡಿಕೊಡುತ್ತಾರೆ. ಕೂದಲೆಳೆಯಂಥ ಗೆರೆ ಕೊಟ್ಟರೆ ಕಿತ್ತು ಬರುತ್ತದೆ, ಕನಿಷ್ಠ ಎರಡು ಮಿಲಿಮೀಟರ್ ದಪ್ಪ ಇಟ್ಟು ಚಿತ್ರ ಕೊಡಿ. ಕೈಯಲ್ಲಿ ಬರೆಯಲು ಬರುವುದಿಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಸ್ಕ್ರೀನ್ ಪ್ರಿಂಟ್, ಅಂದರೆ ಚಿತ್ರದ ಅಚ್ಚಿರುವ ಜಾಲರಿಯ ಮೂಲಕ ಬಟ್ಟೆಗೆ ಬಣ್ಣ ಒತ್ತುವುದು, ನನ್ನ ಪ್ರೀತಿಯದು. ಗಣೇಶನ ಹಬ್ಬದ ಯುವಕರ ಸಂಘಕ್ಕೆ, ಕಬಡ್ಡಿ ಟೀಮಿಗೆ ಶರ್ಟ್ ಹಾಕಿಕೊಡುವ ಅಂಗಡಿ ಯಾವ ತಾಲ್ಲೂಕಿನಲ್ಲೂ ಇರುತ್ತದೆ. ಕಪ್ಪು ಬಣ್ಣ ಒಂದೇ ಆದ್ದರಿಂದ ಒಂದೇ ಸ್ಕ್ರೀನ್ ಸಾಕು. ಸ್ಕ್ರೀನ್ ಮಾಡುವ ಖರ್ಚು ಮೊದಲಿಗೆ ಒಮ್ಮೆ, ಆಮೇಲೆ ಶರ್ಟಿಗೆ ಬೀಳುವುದು ಚಿಲ್ಲರೆ. ಹತ್ತಿಪ್ಪತ್ತು ಶರ್ಟ್ ಬೇಕಾದಾಗ ಇದಕ್ಕೆ ಸಾಟಿ ಇಲ್ಲ, ಎರಡು ಶರ್ಟಿಗೆ ಹೋದರೆ ದುಬಾರಿ. ಅಂಗಡಿಯವರು ರಬ್ಬರ್ ಪ್ರಿಂಟ್ ಹಾಕಲಾ ಪಿಗ್ಮೆಂಟ್ ಹಾಕಲಾ ಅಂತ ಕೇಳಿದರೆ ಪಿಗ್ಮೆಂಟ್ ಅನ್ನಿ. ಅದು ನೂಲಿಗೆ ಇಳಿಯುತ್ತದೆ, ಸಿಪ್ಪೆ ಏಳುವುದಿಲ್ಲ. ನಾನು ಮಾಡಿಸಿದ ಶರ್ಟ್‌ಗಳಲ್ಲಿ ಮಕ್ಕಳ ಬಣ್ಣ ಹೋದ ಮೇಲೂ ಗೆರೆ ಇದ್ದಂತೇ ಇದೆ. ಅಕ್ಕನ ಮಗ ಅದೇ ಆನೆಗೆ ಒಂದು ವರ್ಷ ನೀಲಿ ಹಚ್ಚಿದ್ದವನು ಮರುವರ್ಷ ಅದರ ಮೇಲೇ ಕಂದು ಹಚ್ಚಿದ.

ಬಣ್ಣಕ್ಕೆ ಏನು?

ಇಲ್ಲಿ ಮಗುವಿನ ವಯಸ್ಸೇ ತೀರ್ಪುಗಾರ.

ಫೆವಿಕ್ರಿಲ್, ಕ್ಯಾಮೆಲ್ ಇತ್ಯಾದಿ ಸಣ್ಣ ಬಾಟಲಿಯ ಫ್ಯಾಬ್ರಿಕ್ ಬಣ್ಣಗಳು ಅಗ್ಗ. ಹತ್ತು ಬಣ್ಣದ ಒಂದು ಸೆಟ್ಟಿನಲ್ಲಿ ಹಲವಾರು ಶರ್ಟ್ ಆಗುತ್ತವೆ. ಬಣ್ಣ ಬೆರೆಸಬಹುದು, ಬಿಸಿ ಕೊಟ್ಟ ಮೇಲೆ ಬಹಳ ದಿನ ಬಾಳುತ್ತದೆ. ಏಳೆಂಟು ವರ್ಷ ದಾಟಿದವರಿಗೆ ಇದೇ ಸರಿ. ಅದಕ್ಕಿಂತ ಚಿಕ್ಕವರ ಕೈಗೆ ಬ್ರಷ್ ಕೊಟ್ಟರೆ ಒಂದೇ ಕಡೆ ಮೆತ್ತುತ್ತಾರೆ. ದಪ್ಪ ಮೆತ್ತಿದ ಜಾಗ ಒಣಗಿ ರಟ್ಟಿನಂತೆ ಸೆಟೆಯುತ್ತದೆ, ಆಮೇಲೆ ಎದೆಗೆ ಚುಚ್ಚುತ್ತೆ ಅಂತ ಹಾಕಿಕೊಳ್ಳುವುದೇ ಇಲ್ಲ. ಹೆಚ್ಚು ನೀರು ಬೆರೆಸಿದರೆ ಗೆರೆ ದಾಟಿ ಹರಿಯುತ್ತದೆ. ಮೊಂಡು ತುದಿಯ ಗಟ್ಟಿ ಬ್ರಷ್ ಕೊಡಿ, ತುಸುವೇ ಬಣ್ಣ ಮುಚ್ಚಳಕ್ಕೆ ಸುರಿದು ಕೊಡಿ.

ಫ್ಯಾಬ್ರಿಕ್ ಮಾರ್ಕರ್ ದುಬಾರಿ. ಬಿಳಿ ಶರ್ಟ್ ಎರಡು ಮೂರಕ್ಕೆ ಒಂದು ಸೆಟ್ಟಿನ ತುದಿ ಒಣಗತೊಡಗುತ್ತದೆ, ದೊಡ್ಡ ಆನೆಯ ಮೈ ತುಂಬುವುದರಲ್ಲಿ ಬೂದು ಬಣ್ಣ ಮುಗಿದಿರುತ್ತದೆ. ಆದರೂ ನಾಲ್ಕೈದು ವರ್ಷದ ಮಕ್ಕಳಿಗೆ ನಾನು ಇದನ್ನೇ ಕೊಡುತ್ತೇನೆ. ಚೆಲ್ಲುವುದಿಲ್ಲ, ಬಟ್ಟೆ ಮೆತ್ತಗೇ ಉಳಿಯುತ್ತದೆ, ಮಗುವಿಗೆ ಹಿಡಿಯುವ ರೀತಿ ಗೊತ್ತು. ಚಿತ್ರದಲ್ಲಿ ದೊಡ್ಡ ಬಯಲುಗಳು ಕಡಿಮೆ ಇರುವಂತೆ ನೋಡಿಕೊಳ್ಳಿ. ಆನೆಯ ಮೈ ಮೇಲಿನ ಜೂಲು, ಹಣೆಪಟ್ಟಿ, ಹೂವು ಅಂತ ಚಿಕ್ಕಚಿಕ್ಕ ಕೋಣೆ ಮಾಡಿದರೆ ಶಾಯಿಯೂ ಉಳಿಯುತ್ತದೆ, ಮಗುವೂ ಕೂತಿರುತ್ತದೆ.

ಮೇಣದ ಕ್ರೆಯಾನ್ ಮನೆಯಲ್ಲೇ ಇರುವ ಸಾಮಾನು. ಒತ್ತಿ ಹಚ್ಚಿ, ಮೇಲೆ ಬಿಳಿ ಹಾಳೆಯಿಟ್ಟು ಇಸ್ತ್ರಿ ಮಾಡಿದರೆ ಮೇಣ ಹಾಳೆಗೆ, ಬಣ್ಣ ಬಟ್ಟೆಗೆ. ನೋಡಲು ಹಳೇ ಗೋಡೆಚಿತ್ರದಂತೆ ಮಾಸಲು ಮಾಸಲಾಗಿ ಸೊಗಸಾಗಿರುತ್ತದೆ. ಆದರೆ ಒಗೆದಂತೆಲ್ಲ ತಿಳಿಯಾಗುತ್ತ ಹೋಗುತ್ತದೆ. ಆಯಿಲ್ ಪೇಸ್ಟಲ್ ಬೇಡವೇ ಬೇಡ, ಸುತ್ತ ಎಣ್ಣೆ ಜಿಡ್ಡಿನ ವೃತ್ತ ಮೂಡುತ್ತದೆ.

ಸಾದಾ ಸ್ಕೆಚ್ ಪೆನ್ ಬಗ್ಗೆ ಒಂದು ಆಸೆ ಎಲ್ಲರಿಗೂ ಬರುತ್ತದೆ: ಒಗೆದರೆ ಹೋಗಲಿ, ಮತ್ತೆ ಬಣ್ಣ ತುಂಬಲಿ, ಒಂದೇ ಶರ್ಟ್ ವರ್ಷವಿಡೀ ಆಟಕ್ಕೆ ಬರಲಿ ಅಂತ. ಹತ್ತು ರೂಪಾಯಿ ಪ್ಯಾಕೆಟ್ಟಿನ ಸ್ಕೆಚ್ ಪೆನ್‌ಗಳಲ್ಲಿ ಅದು ನಡೆಯಲಿಲ್ಲ. ಹಳದಿ, ತಿಳಿ ಹಸಿರು ಹೋದವು. ಕೆಂಪು, ನೇರಳೆ ಹೋಗಲೂ ಇಲ್ಲ, ನಿಲ್ಲಲೂ ಇಲ್ಲ, ಇಡೀ ಶರ್ಟಿಗೆ ನಸುಗುಲಾಬಿ ಹಿಡಿಸಿದವು. ವಾಷಬಲ್ ಅಂತ ಬರೆದಿರುವ ಮಾರ್ಕರ್ ಮತ್ತು ಸ್ಕ್ರೀನ್ ಪ್ರಿಂಟಿನ ಗೆರೆ, ಈ ಜೋಡಿಯಲ್ಲಿ ಮಾತ್ರ ಆ ಆಟ ನಡೆಯಿತು. ಅದಕ್ಕೂ ಅದೇ ದಿನ ಒಗೆಯಬೇಕು, ಇಸ್ತ್ರಿ ಮುಟ್ಟಿಸಬಾರದು.

ಮೂರು ವರ್ಷದೊಳಗಿನವರಿಗೆ ಗೆರೆಯೊಳಗೆ ತುಂಬು ಅನ್ನುವುದೇ ಅನ್ಯಾಯ. ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಫ್ಯಾಬ್ರಿಕ್ ಬಣ್ಣದಲ್ಲಿ ಅದ್ದಿ ಕೊಡಿ. ಒತ್ತಿದಲ್ಲೆಲ್ಲ ಹೂವು. ಬೆಂಡೆಕಾಯಿ ಬಾಯಿಗೆ ಹೋಗದಂತೆ ಪಕ್ಕದಲ್ಲೇ ಕೂತಿರಬೇಕು, ಅಷ್ಟೇ.

ಬಿಸಿ, ಒಗೆತ

ಉಪ್ಪು ನೀರಲ್ಲಿ ನೆನೆಸಿ, ವಿನೆಗರ್ ಹಾಕಿ ಅಂತ ಹೇಳುವವರು ತುಂಬ ಇದ್ದಾರೆ. ಬಾಟಲಿಯ ಫ್ಯಾಬ್ರಿಕ್ ಬಣ್ಣಕ್ಕೆ ಅದರಿಂದ ಏನೂ ಆಗುವುದಿಲ್ಲ. ಇವು ಅಕ್ರಿಲಿಕ್, ಇವನ್ನು ಕೂರಿಸುವುದು ಬಿಸಿ. ಪೂರ್ತಿ ಒಂದು ದಿನ ಒಣಗಲು ಬಿಡಿ. ಆಮೇಲೆ ಶರ್ಟನ್ನು ಒಳಹೊರಗು ಮಾಡಿ, ಉಗಿ ಇಲ್ಲದೆ, ಕಾಟನ್ ಬಿಸಿಯಲ್ಲಿ, ಹಿಂಬದಿಯಿಂದ ಇಸ್ತ್ರಿ ಮಾಡಿ. ಒಂದೇ ಕಡೆ ನಿಲ್ಲಿಸದೆ ಕೆಲವು ನಿಮಿಷ ಆಡಿಸುತ್ತಿರಿ. ಡಿಟಿಎಫ್ ಗೆರೆ, ಉಬ್ಬು ಔಟ್‌ಲೈನರ್ ಇದ್ದಲ್ಲಿ ಮೇಲಿನಿಂದ ಇಸ್ತ್ರಿ ಇಟ್ಟರೆ ಪೆಟ್ಟಿಗೆಗೇ ಅಂಟುತ್ತದೆ. ಫ್ಯಾಬ್ರಿಕ್ ಮಾರ್ಕರ್‌ಗೂ ಇದೇ ಉಪಚಾರ, ಒಣಗಲು ಅಷ್ಟು ಹೊತ್ತು ಬೇಡ. ಇಸ್ತ್ರಿ ಕೆಲಸ ದೊಡ್ಡವರದ್ದೇ.

ಇಷ್ಟಾದ ಮೇಲೆ ಮೂರು ನಾಲ್ಕು ದಿನ ನೀರು ಸೋಕಿಸದೆ ಇಡುವುದು ಒಳ್ಳೆಯದು. ಆಮೇಲೂ ತಣ್ಣೀರು, ಒಳಹೊರಗು ಮಾಡಿದ ಶರ್ಟ್, ನೆರಳಲ್ಲಿ ಒಣಗಿಸುವುದು. ಒಗೆಯುವ ಕಲ್ಲಿನ ಮೇಲೆ ಬಡಿದು ಬ್ರಷ್ ಹಾಕಿದರೆ ಈ ಮೇಲಿನ ಯಾವ ವಿಧಾನವೂ ಉಳಿಯುವುದಿಲ್ಲ. ಕೆಲಸಕ್ಕೆ ಬರುವವರಿಗೆ ಮೊದಲೇ ಹೇಳಿಡಿ.

ನನ್ನನ್ನು ಕೇಳಿದರೆ, ಇಬ್ಬರು ಮೂವರು ಮಕ್ಕಳಿದ್ದರೆ ಕಪ್ಪು ಔಟ್‌ಲೈನರ್, ಬಾಟಲಿ ಬಣ್ಣ. ಬರೆಯಲು ಬಾರದಿದ್ದರೆ ಡಿಟಿಎಫ್. ಬರ್ತ್‌ಡೇ ಪಾರ್ಟಿಗೋ ಬೇಸಿಗೆ ಶಿಬಿರಕ್ಕೋ ಆದರೆ ಕಣ್ಣು ಮುಚ್ಚಿ ಸ್ಕ್ರೀನ್ ಪ್ರಿಂಟ್, ಜೊತೆಗೆ ಫ್ಯಾಬ್ರಿಕ್ ಮಾರ್ಕರ್. ಪಾರ್ಟಿಯಲ್ಲಿ ಬಾಟಲಿ ಬಣ್ಣ ತೆರೆಯಬೇಡಿ. ಒಣಗದ ಶರ್ಟನ್ನು ಮಡಚಿ ಕವರಿಗೆ ಹಾಕಿ ಕಳಿಸಿದರೆ, ಶರ್ಟಿನ ಬೆನ್ನ ಮೇಲೂ ಆನೆಯ ಒಂದು ಪ್ರಿಂಟ್ ಆಗಿರುತ್ತದೆ.