ಹತ್ತು ಮೀಟರ್ ಏರ್ ರೈಫಲ್‌ಗೆ ಯಾವ ಪೆಲೆಟ್? ಕೆಲವು ಡಬ್ಬಿಗಳ ವಿಮರ್ಶೆ

ಕಲಬುರಗಿಯಂಥ ಊರಿನಲ್ಲಿ ಏರ್ ರೈಫಲ್ ಕೊಳ್ಳುವವರು ರೈಫಲ್‌ನ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಅದರಲ್ಲಿ ಹಾರಿಸುವ ಸಣ್ಣ ಸೀಸದ ಗುಂಡಾದ ಪೆಲೆಟ್ ವಿಷಯ ಬಂದಾಗ ಮಾತ್ರ ಅಂಗಡಿಯವರು ಕೊಟ್ಟ ಡಬ್ಬಿಯನ್ನೇ ತೆಗೆದುಕೊಂಡು ಬರುತ್ತಾರೆ. ಸ್ಥಳೀಯ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಸಿಗುವ ಅಗ್ಗದ ಡಬ್ಬಿ, ಹೈದರಾಬಾದ್‌ನಿಂದ ತರಿಸಿದ ಜರ್ಮನಿಯ ಆರ್‌ಡಬ್ಲ್ಯೂಎಸ್ ಮೈಸ್ಟರ್‌ಕೂಗೆಲ್ನ್ ಮತ್ತು ಆರ್10 ಮ್ಯಾಚ್, ಹಾಗೂ ಅದೇ ದೇಶದ ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಇವಿಷ್ಟನ್ನೂ ನಮ್ಮ ಅಭ್ಯಾಸ ಕೇಂದ್ರದ ರೈಫಲ್‌ಗಳಲ್ಲಿ ಹಾರಿಸಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಎಲ್ಲ ನಳಿಗೆಗಳಿಗೂ ಒಗ್ಗುವ ಒಂದೇ ಉತ್ತಮ ಪೆಲೆಟ್ ಇಲ್ಲ ಎಂಬುದು ನನ್ನ ಅಭಿಪ್ರಾಯ. ಹೆಚ್ಚು ಬೆಲೆಯ ಡಬ್ಬಿಯನ್ನು ಹುಡುಕುವುದಕ್ಕಿಂತ ನಿಮ್ಮ ನಳಿಗೆಗೆ ಹೊಂದುವ ಪೆಲೆಟ್ ತಲೆಯ, ಅಂದರೆ ಅದರ ಮುಂಭಾಗದ, ಅಳತೆಯನ್ನು ಹುಡುಕುವುದೇ ಮುಖ್ಯ.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ಹೊಸದಾಗಿ ಬರುವ ಹುಡುಗರು ಮೊಬೈಲಿನಲ್ಲಿ ಪರದೇಶದ ಬೇಟೆಯ ವಿಡಿಯೋಗಳನ್ನು ನೋಡಿಕೊಂಡು ಬಂದು, "ಸರ್, ಮೊನಿ ಇದ್ದದ್ದೇ ಛಲೋ ಅಲ್ರಿ?" ಎಂದು ಕೇಳುತ್ತಾರೆ. ಅಲ್ಲಿ ಮುನ್ನೂರು, ನಾನ್ನೂರು ಮೀಟರ್ ದೂರಕ್ಕೆ ಹಾರಿಸುವ ಗುಂಡುಗಳಿಗೆ ಚೂಪು ಮೂತಿ, ಒಳಸರಿದ ಹಿಂಬದಿ ಮತ್ತು ತಾಮ್ರದ ಹೊದಿಕೆ ಇರುವುದಕ್ಕೆ ಕಾರಣಗಳಿವೆ: ಗಾಳಿಯ ತಡೆಯನ್ನು ಸೀಳಿ ಸಾಗಬೇಕು, ಅಡ್ಡಗಾಳಿಗೆ ಆದಷ್ಟು ಕಡಿಮೆ ಸರಿಯಬೇಕು, ದೂರ ಹೋದಂತೆ ವೇಗ ತಗ್ಗಿದರೂ ತಗಲಿದಾಗ ಅರಳಬೇಕು. ಹತ್ತು ಮೀಟರಿನ ಒಳಾಂಗಣದಲ್ಲಿ ಇವುಗಳಲ್ಲಿ ಒಂದೂ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುವ ಪೆಲೆಟ್ ಸೆಕೆಂಡಿನ ನೂರರಲ್ಲಿ ಆರು ಭಾಗದಷ್ಟು ಹೊತ್ತಿನಲ್ಲಿ ಕಾಗದವನ್ನು ಮುಟ್ಟಿರುತ್ತದೆ. ಬೇಟೆಯ ಆಸೆ ಇದ್ದವರಿಗೂ ಒಂದು ಮಾತು ಹೇಳಿಬಿಡುತ್ತೇನೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಬೀದರ್ ಕಡೆಯ ಹೊಲಗಳಲ್ಲಿ ಕಾಣುವ ಕೃಷ್ಣಮೃಗವಂತೂ ಆ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ.

ಸ್ಪರ್ಧೆಯ ಪೆಲೆಟ್‌ನ ತಲೆ ಚಪ್ಪಟೆಯಾಗಿರುತ್ತದೆ. ಅದು ಕಾಗದವನ್ನು ಹರಿಯದೆ ದುಂಡಗೆ ಕತ್ತರಿಸುವುದರಿಂದ ಅಂಕ ಎಣಿಸುವಾಗ ಜಗಳವಿರುವುದಿಲ್ಲ. ಚೂಪು ಮೂತಿಯದು ಕಾಗದದ ಅಂಚನ್ನು ಸೀಳಿಬಿಡುತ್ತದೆ. ಪೆಲೆಟ್‌ನ ಮೈ ಡಮರುಗದಂತೆ ನಡುವಿನಲ್ಲಿ ಸಣ್ಣಗಿರುತ್ತದೆ. ಮೆತ್ತನೆಯ ಸೀಸದ ತೆಳ್ಳನೆಯ ಹಿಂಬದಿಯು ಗಾಳಿಯ ಒತ್ತಡಕ್ಕೆ ಅಗಲಗೊಂಡು ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಹಿಡಿದುಕೊಳ್ಳುತ್ತದೆ, ತಲೆಯು ಅದೇ ಗೀರುಗಳ ಮೇಲೆ ನೇರವಾಗಿ ಸಾಗುತ್ತದೆ. ತಲೆ ಸಡಿಲವಾದರೆ ಪೆಲೆಟ್ ಒಳಗೇ ವಾಲುತ್ತದೆ, ಬಿಗಿಯಾದರೆ ಪ್ರತಿ ಹೊಡೆತದ ವೇಗ ಒಂದೇ ಸಮನೆ ಇರುವುದಿಲ್ಲ. ಆದ್ದರಿಂದಲೇ ಒಳ್ಳೆಯ ತಯಾರಕರು 4.49, 4.50, 4.51 ಮಿಲಿಮೀಟರ್ ಎಂದು ತಲೆಯ ಅಳತೆಯನ್ನು ಡಬ್ಬಿಯ ಮೇಲೆ ಬೇರೆಬೇರೆಯಾಗಿ ಅಂಟಿಸುತ್ತಾರೆ.

ಇಷ್ಟು ಸೂಕ್ಷ್ಮ ಏಕೆಂದರೆ, ಹತ್ತು ಮೀಟರ್ ರೈಫಲ್ ಗುರಿಯಲ್ಲಿ ಹತ್ತರ ಚುಕ್ಕೆಯ ಅಗಲ ಕೇವಲ 0.5 ಮಿಲಿಮೀಟರ್. ದಶಮಾಂಶದ ಲೆಕ್ಕದಲ್ಲಿ ಒಂದು ಹೊಡೆತಕ್ಕೆ ಹೆಚ್ಚೆಂದರೆ 10.9 ಅಂಕ, ಕೇಂದ್ರದಿಂದ ಪ್ರತಿ ಕಾಲು ಮಿಲಿಮೀಟರ್ ದೂರ ಸರಿದಂತೆ ಅಂಕ 0.1ರಷ್ಟು ಇಳಿಯುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಹೊಡೆತಕ್ಕೆ ಪಡೆದ 10.8 ಅಂಕ ಪೂರ್ಣ ಅಂಕಕ್ಕಿಂತ ಇಂಥ ಒಂದೇ ಮೆಟ್ಟಿಲು ಕಡಿಮೆ. ಪೆಲೆಟ್ ತನ್ನ ಪಾಡಿಗೆ ಒಂದು ಮಿಲಿಮೀಟರ್ ಅತ್ತಿತ್ತ ಸರಿದರೆ ಹೊಡೆತವೊಂದಕ್ಕೆ 0.4 ಅಂಕದವರೆಗೆ ಹೋಗಬಹುದು, ಮತ್ತು ಅರ್ಹತಾ ಸುತ್ತಿನಲ್ಲಿ ಇರುವುದು 60 ಹೊಡೆತಗಳು.

ಈಗ ಡಬ್ಬಿಗಳ ವಿಚಾರ. ಸ್ಥಳೀಯವಾಗಿ ಕೊಂಡ ಅಗ್ಗದ ಪೆಲೆಟ್‌ಗಳ ತಯಾರಕರ ಹೆಸರು ಇಲ್ಲಿ ಬೇಡ. ತಟ್ಟೆಗೆ ಸುರುವಿದಾಗಲೇ ಕೆಲವುಗಳ ಹಿಂಬದಿ ಚಪ್ಪಟೆಯಾಗಿತ್ತು, ಕೆಲವುಗಳಲ್ಲಿ ಸೀಸದ ಎಳೆ ಅಂಟಿಕೊಂಡಿತ್ತು, ಅಳತೆಯ ಚೀಟಿಯಂತೂ ಇರಲಿಲ್ಲ. ಆದರೂ ಇವುಗಳನ್ನು ಬೇಡವೆನ್ನಲಾರೆ. ನಿಲ್ಲುವ ಭಂಗಿ, ಉಸಿರಿನ ಹಿಡಿತ ಮತ್ತು ಟ್ರಿಗರ್ ಕಲಿಯುತ್ತಿರುವವರ ಹೊಡೆತಗಳು ಏಳು, ಎಂಟರ ವೃತ್ತಗಳಲ್ಲಿ ಚದುರುವಾಗ ಪೆಲೆಟ್‌ನ ದೋಷ ಅದರಲ್ಲಿ ಮುಳುಗಿಹೋಗುತ್ತದೆ. ಹಾಳಾದವನ್ನು ಆರಿಸಿ ತೆಗೆದು ಉಳಿದವನ್ನು ಧಾರಾಳವಾಗಿ ಹಾರಿಸಬಹುದು.

ಮೈಸ್ಟರ್‌ಕೂಗೆಲ್ನ್ ನನಗೆ ಎಲ್ಲಕ್ಕಿಂತ ಹಿಡಿಸಿದ ಡಬ್ಬಿ. ಸ್ಪರ್ಧೆಯ ಮೇಲ್ದರ್ಜೆಯದಲ್ಲವಾದರೂ ಹಾಳಾದ ಪೆಲೆಟ್ ಹುಡುಕಬೇಕಾಗಿ ಬರುವುದಿಲ್ಲ, ಆಸರೆಯ ಮೇಲೆ ರೈಫಲ್ ಇಟ್ಟು ಹಾರಿಸಿದಾಗ ರಂಧ್ರಗಳು ಒಂದರ ಮೇಲೊಂದು ಬಿದ್ದವು. ಜಿಲ್ಲಾ ಮತ್ತು ವಿಭಾಗ ಮಟ್ಟದ ಸ್ಪರ್ಧೆಗೆ ಇಷ್ಟು ಸಾಕು. ಆರ್10 ಮತ್ತು ಫಿನಾಲೆ ಮ್ಯಾಚ್ ನಡುವೆ ತೀರ್ಪು ಕೊಡಲು ಮಾತ್ರ ಸಾಧ್ಯವಾಗಲಿಲ್ಲ: ಒಂದು ರೈಫಲ್‌ನಲ್ಲಿ ಆರ್10 ರಂಧ್ರಗಳ ಬಿಗಿಯಾದ ಗುಂಪು ಕೊಟ್ಟರೆ, ಅದೇ ಕಂಪನಿಯ ಇನ್ನೊಂದು ರೈಫಲ್‌ನಲ್ಲಿ 4.50 ಅಳತೆಯ ಫಿನಾಲೆ ಮ್ಯಾಚ್ ಸ್ಪಷ್ಟವಾಗಿ ಮೇಲಾಯಿತು. ಹೀಗಾಗಿ ಇವುಗಳನ್ನು ಕೊಳ್ಳುವವರು ಮೊದಲು ಎರಡು ಮೂರು ಅಳತೆಗಳ ಒಂದೊಂದೇ ಡಬ್ಬಿ ತರಿಸಿ, ಆಸರೆಯ ಮೇಲೆ ಐದೈದು ಹೊಡೆತಗಳ ಗುಂಪು ಹಾಕಿ, ಗೆದ್ದ ಡಬ್ಬಿಯ ಬ್ಯಾಚ್ ಸಂಖ್ಯೆಯನ್ನು ಬರೆದಿಟ್ಟುಕೊಂಡು ಅದೇ ಬ್ಯಾಚಿನಿಂದ ವರ್ಷಕ್ಕಾಗುವಷ್ಟು ಕೊಳ್ಳುವುದು ಒಳ್ಳೆಯದು. ಹೆಸರು, ಅಳತೆ ಎರಡೂ ಒಂದೇ ಇದ್ದರೂ ಬ್ಯಾಚ್ ಬದಲಾದರೆ ಫಲಿತಾಂಶವೂ ಬದಲಾಗಬಹುದು.

ನಮ್ಮ ಕಡೆಯ ಬಿಸಿಲಿಗೆ ಸೀಸ ಹಿಗ್ಗುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಹಿಗ್ಗುವುದೇನೋ ನಿಜ, ಆದರೆ ಉಷ್ಣತೆ 25 ಡಿಗ್ರಿ ಏರಿದರೂ 4.5 ಮಿಲಿಮೀಟರಿನ ತಲೆ ಹಿಗ್ಗುವುದು 0.003 ಮಿಲಿಮೀಟರಿನಷ್ಟು; ನಳಿಗೆಯ ಉಕ್ಕೂ ಸ್ವಲ್ಪ ಹಿಗ್ಗುವುದರಿಂದ ಉಳಿಯುವ ವ್ಯತ್ಯಾಸ ಇನ್ನೂ ಕಡಿಮೆ. ಮೇ ತಿಂಗಳ ಸೆಕೆಯಲ್ಲಿ ಕೆಟ್ಟ ಅಂಕ ಬಂದರೆ ಕಾರಣವನ್ನು ಬೆವರಿನಲ್ಲಿ ಹುಡುಕಬೇಕೇ ಹೊರತು ಡಬ್ಬಿಯಲ್ಲಲ್ಲ. ಇಲ್ಲಿ ನಿಜವಾಗಿ ಪೆಲೆಟ್ ಕೆಡಿಸುವುದು ಶಹಾಬಾದ್ ಕಲ್ಲಿನ ನೆಲ: ಅದರ ಮೇಲೆ ಬಿದ್ದ ಪೆಲೆಟ್‌ನ ಅಂಚು ಕಣ್ಣಿಗೆ ಕಾಣದಷ್ಟು ಮಡಚಿರುತ್ತದೆ, ಕಲ್ಲಿನ ಪುಡಿಯೂ ಅಂಟಿರುತ್ತದೆ. ಎತ್ತಿ ಹಾರಿಸುವ ಬದಲು ಬೇರೆ ಡಬ್ಬಕ್ಕೆ ಹಾಕಿಡಬೇಕು. ಸೀಸ ವಿಷಕಾರಿಯಾದ್ದರಿಂದ ಅಭ್ಯಾಸದ ನಂತರ ಕೈ ತೊಳೆಯದೆ ಏನನ್ನೂ ತಿನ್ನಬಾರದು, ಪೆಲೆಟನ್ನು ತುಟಿಯಲ್ಲಿ ಕಚ್ಚಿ ಹಿಡಿಯುವ ಹುಡುಗರ ಚಟವನ್ನು ಅಲ್ಲಿಯೇ ಬಿಡಿಸಬೇಕು.

ಹೈದರಾಬಾದ್‌ಗೆ ಹೋಗಿ ಬರುವವರ ಕೈಯಲ್ಲಿ ತರಿಸುವವರು ಡಬ್ಬಿಯ ಹೆಸರನ್ನಷ್ಟೇ ಹೇಳಿ ಕಳಿಸಬಾರದು. ಮೈಸ್ಟರ್‌ಕೂಗೆಲ್ನ್ ಮತ್ತು ಆರ್10 ಎರಡರಲ್ಲೂ ಪಿಸ್ತೂಲಿಗೆಂದು 0.45 ಗ್ರಾಂ ತೂಕದ ಹಗುರ ಪೆಲೆಟ್ ಬರುತ್ತದೆ, ರೈಫಲ್‌ನದು 0.53 ಗ್ರಾಂ, ತೂಕ ಮತ್ತು ತಲೆಯ ಅಳತೆ ಎರಡನ್ನೂ ಚೀಟಿಯಲ್ಲಿ ಬರೆದುಕೊಡಿ.